ಎಣ್ಣೆಯ ಮನೆತನ ಕಟ್ಟಿಸಿದ ಕುದುರೆಗಾಡಿಯ ಹಾದಿ

ಮೊದಲು ಸೀಮೆಎಣ್ಣೆಯನ್ನೂ ಆಮೇಲೆ ಪೆಟ್ರೋಲನ್ನೂ ಲೋಕಕ್ಕೆಲ್ಲ ಮಾರಿ, ಅದುವರೆಗೆ ಅಮೆರಿಕ ಕಂಡರಿಯದಷ್ಟು ಧನವನ್ನು ಕೂಡಿಹಾಕಿದ ಮನೆತನವೊಂದರ ಏಕಮಾತ್ರ ಪುತ್ರರು, ಆ ಧನದ ಒಂದಂಶವನ್ನೇ ವ್ಯಯಿಸಿ, ಇಪ್ಪತ್ತೇಳು ವರ್ಷಗಳ ಕಾಲ ತಾವೇ ಮುಂದೆ ನಿಂತು, ಮೋಟಾರು ಕಾರಿನ ಚಕ್ರ ತಾಗಕೂಡದೆಂಬ ಸಂಕಲ್ಪದಿಂದ ಕಾಡುಬೆಟ್ಟಗಳ ನಡುವೆ ಜಲ್ಲಿಯ ಹಾದಿಗಳನ್ನು ಕಟ್ಟಿಸಿದರೆಂಬ ಸಂಗತಿಯನ್ನು ಮೊದಲ ಸಲ ಕೇಳಿದಾಗ ನನಗೆ ನಗು ಬಂದಿತ್ತು. ಬೆಂಕಿಪೆಟ್ಟಿಗೆಯ ವ್ಯಾಪಾರಿ ಕೆರೆ ಕಟ್ಟಿಸಿದ ಹಾಗೆ ಇದೂ ಒಂದು ಪ್ರಾಯಶ್ಚಿತ್ತವಿರಬೇಕೆಂದುಕೊಂಡೆ. ಆ ಹಾದಿಗಳಲ್ಲಿ ಎರಡು ದಿನ ಬಾಡಿಗೆಯ ಸೈಕಲ್ಲನ್ನು ತುಳಿದು ಬಂದ ಮೇಲೆ, ಮೊಣಕಾಲಿನ ನೋವು ಒಂದು ಕಡೆಗಿರಲಿ, ನನ್ನ ಎಣಿಕೆ ತಪ್ಪೆಂದು ತಿಳಿಯಿತು. ಅದು ಪ್ರಾಯಶ್ಚಿತ್ತವಲ್ಲ, ರಸಿಕತೆ. ಅದೂ ಬಹಳ ಲೆಕ್ಕಾಚಾರವುಳ್ಳ ರಸಿಕತೆ.

ಅಮೆರಿಕದ ಭೂಪಟದ ಈಶಾನ್ಯ ಮೂಲೆಯಲ್ಲಿ ಮೇನ್ ಎಂಬ ಸಂಸ್ಥಾನವಿದೆ. ಅಂಚು ಹರಿದ ಸೆರಗಿನಂತಿರುವ ಅದರ ಕರಾವಳಿಗೆ ಆತುಕೊಂಡು, ಕಿರಿದಾದೊಂದು ಜಲಮಾರ್ಗದಿಂದ ಮಾತ್ರವೇ ನೆಲದಿಂದ ಬೇರ್ಪಟ್ಟು, ಸುಮಾರು 280 ಚದರ ಕಿಲೋಮೀಟರಿನಷ್ಟು ಹಬ್ಬಿರುವುದು ಮೌಂಟ್ ಡೆಸರ್ಟ್ ದ್ವೀಪ. ವಬನಾಕಿ ಎಂಬ ಮೂಲನಿವಾಸಿ ಜನರು ಸಾವಿರಾರು ವರ್ಷಗಳಿಂದ ಬಾಳಿದ ಈ ನೆಲವನ್ನು 1604ರಲ್ಲಿ ಹಡಗಿನ ಮೇಲಿನಿಂದ ಕಂಡ ಫ್ರೆಂಚ್ ನಾವಿಕ ಸಾಮ್ಯುಯೆಲ್ ದ ಶಾಂಪ್ಲೇನ್, ನೆತ್ತಿಯಲ್ಲಿ ಮರವಿಲ್ಲದ ಶಿಖರಗಳ ಸಾಲನ್ನು ನೋಡಿ, ಬೋಳುಬೆಟ್ಟಗಳ ದ್ವೀಪವೆಂದು ತನ್ನ ಭಾಷೆಯಲ್ಲಿ ಹೆಸರಿಟ್ಟನು. ಆ ಹೆಸರೇ ಇಂಗ್ಲಿಷಿನವರ ನಾಲಗೆಗೆ ಸಿಕ್ಕಿ ಇಂದು ಮರುಭೂಮಿಯ ಭ್ರಮೆಯನ್ನು ಹುಟ್ಟಿಸುವಂತಾಗಿದೆ. ನೆತ್ತಿ ಬೋಳಾದರೂ ಹೆಗಲಿನಿಂದ ಕೆಳಗೆಲ್ಲ ಸ್ಪ್ರೂಸ್, ಫರ್, ಪೈನ್, ಬರ್ಚ್ ಮರಗಳ ದಟ್ಟಣೆ, ಹಿಮಯುಗದ ನೀರ್ಗಲ್ಲ ರಾಶಿ ಕೊರೆದುಹೋದ ಕಣಿವೆಗಳಲ್ಲಿ ಉದ್ದುದ್ದನೆಯ ಸರೋವರಗಳು, ಸುತ್ತಲೂ ಕಡಲು. ಇಲ್ಲಿಯ ಅತ್ಯುನ್ನತ ಶಿಖರವಾದ ಕ್ಯಾಡಿಲಾಕ್ ಪರ್ವತ ಕೇವಲ 1,530 ಅಡಿ, ಎಂದರೆ ನಮ್ಮ ನಂದಿಬೆಟ್ಟದ ಎತ್ತರದಲ್ಲಿ ಮೂರನೆಯ ಒಂದು ಪಾಲೂ ಇಲ್ಲ. ಆದರೆ ಸಮುದ್ರದ ನೀರಿನಿಂದಲೇ ನೇರವಾಗಿ ಎದ್ದು ನಿಂತಿರುವುದರಿಂದ ಆ ಅಲ್ಪತ್ವ ಕಣ್ಣಿಗೆ ಕಾಣುವುದಿಲ್ಲ.

ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ನ್ಯೂಯಾರ್ಕ್, ಬಾಸ್ಟನ್, ಫಿಲಡೆಲ್ಫಿಯಗಳ ಶ್ರೀಮಂತರು ಬೇಸಿಗೆಯನ್ನು ಕಳೆಯಲು ಇಲ್ಲಿ ಭವನಗಳನ್ನು ಕಟ್ಟಿಕೊಂಡಿದ್ದರು. ಮುಂದಿನ ಶತಮಾನದ ಆರಂಭದಲ್ಲಿ ಮೋಟಾರು ಕಾರು ಬಂದಾಗ, ಅದನ್ನು ಕೊಳ್ಳುವ ಶಕ್ತಿ ಎಲ್ಲರಿಗಿಂತ ಹೆಚ್ಚಾಗಿದ್ದ ಆ ಜನರೇ ಅದರ ಸದ್ದು ಧೂಳುಗಳು ತಮ್ಮ ವಿಶ್ರಾಂತಿಯನ್ನು ಕೆಡಿಸುವುವೆಂದು ಹಟ ಹಿಡಿದು ದ್ವೀಪದಲ್ಲಿ ಅದನ್ನು ನಿಷೇಧಿಸಿದರು. ಊರಿನ ವರ್ತಕರಿಗೂ ವೈದ್ಯರಿಗೂ ನಿತ್ಯದ ಬದುಕಿಗೆ ಕಾರು ಬೇಕಾಗಿತ್ತು. ಜಗ್ಗಾಟ ಕೆಲವು ವರ್ಷ ನಡೆದು, 1915ರ ಹೊತ್ತಿಗೆ ದ್ವೀಪದ ಎಲ್ಲ ಊರುಗಳಲ್ಲಿಯೂ ಕಾರಿಗೆ ಬಾಗಿಲು ತೆರೆಯಿತು. ಸ್ಟಾಂಡರ್ಡ್ ಆಯಿಲ್ ಕಂಪನಿಯನ್ನು ಸ್ಥಾಪಿಸಿದ ಹಿರಿಯ ರಾಕ್‌ಫೆಲ್ಲರರ ಮಗ, ಕಿರಿಯ ಜಾನ್ ಡಿ. ರಾಕ್‌ಫೆಲ್ಲರರು (1874–1960), ಸೀಲ್ ಹಾರ್ಬರ್ ಎಂಬ ಊರಿನಲ್ಲಿ ಮನೆ ಕೊಂಡದ್ದು 1910ರಲ್ಲಿ. ಕಾರು ಬರುವುದನ್ನು ತಡೆಯಲಾಗುವುದಿಲ್ಲವೆಂಬುದನ್ನು ಅವರು ಉಳಿದವರಿಗಿಂತ ಮೊದಲೇ ಕಂಡುಕೊಂಡಿರಬೇಕು. ಕುದುರೆಗಾಡಿಯನ್ನು ನಡೆಸುವ ವಿದ್ಯೆಯನ್ನೂ, ತೋಟದೊಳಗೆ ಹಾದಿ ಹಾಕುವ ಕಲೆಯನ್ನೂ ತಂದೆಯಿಂದ ಕಲಿತಿದ್ದ ಅವರು, 1913ರಿಂದ 1940ರವರೆಗೆ ತಮ್ಮ ಜಮೀನಿನಲ್ಲಿ ತೊಡಗಿ, ಪಕ್ಕದ ಬೆಟ್ಟಗಳನ್ನು ಕೊಂಡು, ಕೊಂಡದ್ದನ್ನು ರಾಷ್ಟ್ರೀಯ ಉದ್ಯಾನಕ್ಕೆ ಕೊಡುತ್ತ, ಒಟ್ಟು 57 ಮೈಲಿಗಳಷ್ಟು, ಎಂದರೆ ಸುಮಾರು 92 ಕಿಲೋಮೀಟರು, ಗಾಡಿಹಾದಿಯನ್ನು ಕಟ್ಟಿಸಿದರು. ಅದರಲ್ಲಿ 45 ಮೈಲಿ ಇಂದು ಅಕೇಡಿಯ ರಾಷ್ಟ್ರೀಯ ಉದ್ಯಾನದೊಳಗಿದೆ.

ಈ ಉದ್ಯಾನದ ಹುಟ್ಟೂ ವಿಲಕ್ಷಣವಾದುದೇ. ಜಾರ್ಜ್ ಡಾರ್ ಎಂಬ ಬ್ರಹ್ಮಚಾರಿ ಶ್ರೀಮಂತರೂ, ಹಾರ್ವರ್ಡ್ ವಿಶ್ವವಿದ್ಯಾನಿಲಯದ ಅಧ್ಯಕ್ಷರಾಗಿದ್ದ ಚಾರ್ಲ್ಸ್ ಎಲಿಯಟ್ಟರೂ ಮನೆಮನೆಗೆ ಹೋಗಿ ದಾನವಾಗಿ ಬೇಡಿ ತಂದ ಜಮೀನು 1916ರಲ್ಲಿ ರಾಷ್ಟ್ರೀಯ ಸ್ಮಾರಕವೆನಿಸಿ, 1919ರಲ್ಲಿ ಲಫಾಯೆಟ್ ಎಂಬ ಹೆಸರಿನ ರಾಷ್ಟ್ರೀಯ ಉದ್ಯಾನವಾಗಿ, 1929ರಲ್ಲಿ ಅಕೇಡಿಯವಾಯಿತು. ರಾಕ್‌ಫೆಲ್ಲರರ ಕೊಡುಗೆಯೇ ಹನ್ನೊಂದು ಸಾವಿರ ಎಕರೆಗಳಷ್ಟು.

ಈಗ ಹಾದಿಯ ಮಾತಿಗೆ ಬರೋಣ. ಜಲ್ಲಿ ರಸ್ತೆಯೆಂದೊಡನೆ ನಮ್ಮ ಕಣ್ಣೆದುರಿಗೆ ಬರುವುದು ಟಾರು ಕಾಣದೆ ಅರ್ಧಕ್ಕೆ ನಿಂತ, ಮಳೆಗಾಲ ಬಂತೆಂದರೆ ಕೊರಕಲು ಬಿದ್ದು ಬಸ್ಸು ಬಾರದ ಊರಿನ ದಾರಿ. ಅಕೇಡಿಯದಲ್ಲಿ ಜಲ್ಲಿಯೆಂಬುದು ಅಪೂರ್ಣತೆಯ ಗುರುತಲ್ಲ. ಅದೇ ಅಲ್ಲಿಯ ಪರಿಪೂರ್ಣತೆ. ಹತ್ತೊಂಬತ್ತನೆಯ ಶತಮಾನದ ಆದಿಭಾಗದಲ್ಲಿ ಸ್ಕಾಟ್ಲೆಂಡಿನವರಾದ ಟೆಲ್ಫರ್ಡ್ ಮತ್ತು ಮೆಕಾಡಮ್ ಎಂಬ ಇಬ್ಬರು ಇಂಜಿನಿಯರುಗಳು ಕಲಿಸಿದ, ಒಡೆದ ಕಲ್ಲಿನ ರಸ್ತೆಯ ವಿದ್ಯೆ ಟಾರು ಬಂದ ಮೇಲೆ ಎಲ್ಲೆಡೆಯೂ ಮರೆತುಹೋಗುತ್ತಿದ್ದ ಕಾಲದಲ್ಲಿ, ಅದರ ಶ್ರೇಷ್ಠ ಮಾದರಿಯೊಂದು ಇಲ್ಲಿ ಸಿದ್ಧವಾಯಿತು. ಹದಿನಾರು ಅಡಿ ಅಗಲ. ಕೆಳಗೆ ದಪ್ಪಗಲ್ಲು, ಅದರ ಮೇಲೆ ಸಣ್ಣ ಜಲ್ಲಿ, ಎಲ್ಲಕ್ಕೂ ಮೇಲೆ ನುಣುಪಾದ ಪುಡಿಜಲ್ಲಿ, ಹೀಗೆ ಮೂರು ಪದರ. ಮೇಲ್ಮೈ ಚಪ್ಪಟೆಯಾಗಿಲ್ಲ, ಆಮೆಯ ಬೆನ್ನಿನಂತೆ ನಡುವೆ ಉಬ್ಬಿ ಅಂಚುಗಳಿಗೆ ಇಳಿಯುತ್ತದೆ, ಉಬ್ಬು ಆರರಿಂದ ಎಂಟು ಅಂಗುಲ. ಸೈಕಲ್ಲಿನ ಮೇಲಿರುವವನಿಗೆ ಇದು ಕಾಣುವುದಕ್ಕಿಂತ ಹೆಚ್ಚಾಗಿ ಅನುಭವಕ್ಕೆ ಬರುವುದು. ಸ್ವಲ್ಪ ಮೈಮರೆತರೆ ಗಾಡಿ ತಾನಾಗಿಯೇ ಬದಿಗೆ ಸರಿಯುತ್ತದೆ.

ಆ ಉಬ್ಬು ಏಕೆಂಬುದು ಎರಡನೆಯ ದಿನ ಬೆಳಿಗ್ಗೆ ಗೊತ್ತಾಯಿತು. ರಾತ್ರಿಯೆಲ್ಲ ಮಳೆ ಹೊಡೆದಿತ್ತು. ಎಂಟು ಗಂಟೆಗೆ ಹೊರಟಾಗ ಹಾದಿಯ ನಡುವೆ ಒಂದು ಅಂಗೈಯಗಲ ನೀರೂ ನಿಂತಿರಲಿಲ್ಲ; ಬದಿಯ ಅಗಲವಾದ ಚರಂಡಿಯಲ್ಲಿ ಮಾತ್ರ ಕಂದುಬಣ್ಣದ ನೀರು ಗುಳುಗುಳು ಸದ್ದು ಮಾಡುತ್ತ ಇಳಿಯುತ್ತಿತ್ತು. ಇಪ್ಪತ್ತು ಮೂವತ್ತು ಮಾರು ಹೋದರೆ ಒಂದು ಕಲ್ಲಿನ ಮೋರಿ, ಅಲ್ಲಿ ನೀರು ಹಾದಿಯ ಅಡಿಯಲ್ಲಿ ನುಸುಳಿ ಇಳಿಜಾರಿನ ಕಡೆಗೆ ಹೊರಬೀಳುತ್ತದೆ. ಇಳಿದು ಬಗ್ಗಿ ನೋಡಿದೆ. ಮೋರಿಯ ಬಾಯಿಗೆ ಕೂಡ, ಯಾರೂ ನೋಡದ ಆ ಹಳ್ಳದ ಕಡೆಗೆ, ಕಲ್ಲನ್ನು ಉಳಿಯಿಂದ ಒಪ್ಪಮಾಡಿ ಸಂದು ಕಾಣದಂತೆ ಕೂಡಿಸಿದ್ದಾರೆ. ಸಂದಿನಲ್ಲಿ ಹಾವಸೆ ಬೆಳೆದು ಎಂದೋ ಹಸುರಾಗಿದೆ. ಕೆಲಸಗಾರರ ಮೇಲೆ ಕಣ್ಣಿಟ್ಟವರಿಗೆ ಕಾಡಿನ ಹಳ್ಳದ ತಳವನ್ನೂ ಬಗ್ಗಿ ನೋಡುವ ಅಭ್ಯಾಸವಿತ್ತೆಂಬುದರಲ್ಲಿ ನನಗೆ ಸಂಶಯವಿಲ್ಲ.

ಹಾದಿಯ ಓಟವನ್ನು ನಿಶ್ಚಯಿಸುವಲ್ಲಿಯೂ ಇದೇ ಎಚ್ಚರ. ಬೆಟ್ಟವನ್ನು ಕಡಿದು ನೇರ ಮಾಡುವ ಬದಲು, ಅದರ ಮೈಯ ತಿರುವುಗಳನ್ನೇ ಅನುಸರಿಸಿ, ಗಾಡಿಯ ಕುದುರೆ ಬಸವಳಿಯದಷ್ಟು ಮೆಲ್ಲನೆಯ ಏರಿಕೆಯಲ್ಲಿ, ದೊಡ್ಡ ಮರಗಳನ್ನು ಉಳಿಸಿಕೊಂಡು, ಒಂದೊಂದು ತಿರುವಿಗೂ ಒಂದು ನೋಟ ತೆರೆಯುವ ಹಾಗೆ ಇದನ್ನು ಹಾಕಿದ್ದಾರೆ. ಚಾರ್ಲ್ಸ್ ಸಿಂಪ್ಸನ್ನರೂ ಅವರ ಬಳಿಕ ಮಗ ಪಾಲ್ ಸಿಂಪ್ಸನ್ನರೂ ಇಂಜಿನಿಯರುಗಳಾಗಿದ್ದರು. ಕೆಲಸ ಮುಗಿದ ಮೇಲೆ ಅಗೆದ ಮಣ್ಣಿನ ಗಾಯ ಮಾಯುವಂತೆ ಬದಿಗಳಲ್ಲಿ ಯಾವ ಗಿಡ ನೆಡಬೇಕು, ಎಲ್ಲಿ ಮರೆ ಮಾಡಬೇಕು, ಎಲ್ಲಿ ತೆರೆಯಬೇಕೆಂದು ಸಲಹೆಯಿತ್ತವರು ಬಿಯಾಟ್ರಿಕ್ಸ್ ಫರಾಂಡ್. ಅಮೆರಿಕದ ಭೂದೃಶ್ಯಶಿಲ್ಪಿಗಳ ಸಂಘವನ್ನು 1899ರಲ್ಲಿ ಸ್ಥಾಪಿಸಿದವರಲ್ಲಿ ಏಕೈಕ ಮಹಿಳೆ. ಪರದೇಶದ ಹೂಗಿಡಗಳನ್ನು ತರಿಸುವ ಸಾಮರ್ಥ್ಯವಿದ್ದೂ ಅಲ್ಲಿಯ ಕಾಡಿನ ಬ್ಲೂಬೆರಿಯನ್ನೂ ಜರಿಗಿಡದಂತಹ ಎಲೆಯ ಸುಗಂಧದ ಪೊದೆಗಳನ್ನೂ ನೆಡಿಸಿದುದು ಅವರ ವಿವೇಕ. ಇಂದು ನೋಡುವವನಿಗೆ ಅಲ್ಲಿ ಯಾರೋ ನೆಟ್ಟರೆಂಬ ಸುಳಿವೂ ಸಿಗುವುದಿಲ್ಲ.

ಕಡಿದಾದ ಬದಿಗಳಲ್ಲಿ ತಡೆಗೋಡೆಯ ಬದಲು ಒರಟಾದ ಕಣಶಿಲೆಯ ಗುಂಡುಗಳನ್ನು ಸಾಲಾಗಿ ನೆಟ್ಟಿದ್ದಾರೆ. ಮಧ್ಯೆ ಮಧ್ಯೆ ಸಂದು ಬಿಟ್ಟಿರುವ ಈ ಸಾಲಿಗೆ ಊರಿನವರು ಇಟ್ಟ ಹೆಸರು ‘ರಾಕ್‌ಫೆಲ್ಲರರ ಹಲ್ಲುಗಳು’. ಇನ್ನು ಸೇತುವೆಗಳು ಹದಿನೇಳು. ಹದಿನಾರಕ್ಕೆ ಹಣ ಕೊಟ್ಟವರು ರಾಕ್‌ಫೆಲ್ಲರರೇ, ಒಂದರಂತೆ ಇನ್ನೊಂದಿಲ್ಲ. 1917ರ ಮೊದಲ ಸೇತುವೆಯನ್ನು ನೀರಿನಲ್ಲಿ ಉರುಳಿ ಗುಂಡಗಾದ ಕಲ್ಲುಗಳಿಂದ ಕಟ್ಟಿದರು. ಆಮೇಲಿನವುಗಳಲ್ಲಿ ಒಳಗೆ ಉಕ್ಕು ಹಾಕಿದ ಕಾಂಕ್ರೀಟು, ಹೊರಗೆ ಅದೇ ಬೆಟ್ಟದ ಕಣಶಿಲೆ. 1925ರ ಜಲಪಾತದ ಸೇತುವೆಯ ಮೇಲೆ ನಿಂತರೆ ಬಂಡೆಯಿಂದ ಬಂಡೆಗೆ ಇಳಿಯುವ ತೊರೆ ಕೈಗೆಟುಕುವಷ್ಟು ಹತ್ತಿರ. 1929ರ ಡಕ್ ಬ್ರೂಕ್ ಸೇತುವೆಯನ್ನಂತೂ ಮೇಲಿನಿಂದ ದಾಟಿ ಹೋದವನಿಗೆ ಅದರ ಭವ್ಯತೆಯ ಅರಿವೇ ಆಗದು. ಬದಿಯ ಮೆಟ್ಟಲಿಳಿದು ತೊರೆಯ ದಡದಲ್ಲಿ ನಿಂತು ಮೂರು ಕಮಾನುಗಳನ್ನು ತಲೆಯೆತ್ತಿ ನೋಡಬೇಕು.

ಕೆಲವು ಸೇತುವೆಗಳ ಅಡಿಯಲ್ಲಿ ಹರಿಯುವುದು ನೀರಲ್ಲ, ಮೋಟಾರು ರಸ್ತೆ. ಇದು ರಾಕ್‌ಫೆಲ್ಲರರ ಜಾಣತನದ ಇನ್ನೊಂದು ಮುಖ. ಉದ್ಯಾನದೊಳಗೆ ಕಾರುಗಳಿಗೆಂದೇ ಪ್ರತ್ಯೇಕವಾಗಿ ಸುತ್ತುರಸ್ತೆಯೊಂದನ್ನು ಮಾಡಿಸಲು ಅವರೇ ಮುಂದಾದರು. ಕಾರಿನವರಿಗೆ ಅವರ ಪಾಲಿನ ದಾರಿ ಒಳ್ಳೆಯದಾಗಿ ದೊರೆತರೆ ಗಾಡಿಹಾದಿಯ ಮೇಲೆ ಕಣ್ಣು ಹಾಕರೆಂಬ ಎಣಿಕೆ ಅದರಲ್ಲಿದ್ದಿತು. ಎರಡೂ ಕೂಡುವ ಕಡೆಗಳಲ್ಲಿ ಒಂದು ಮೇಲೆ, ಒಂದು ಕೆಳಗೆ. ಕುದುರೆಗೆ ಕಾರಿನ ಮುಖವೇ ಎದುರಾಗದು.

ಎಲ್ಲರೂ ಇದನ್ನು ಕೊಂಡಾಡಿದರೆಂದು ಭಾವಿಸಬಾರದು. ಕಾಡು ಕಾಡಾಗಿಯೇ ಇರಲಿ, ಹಾದಿಯೇ ಬೇಡವೆಂದವರಿದ್ದರು. ಪೆನ್ಸಿಲ್ವೇನಿಯದ ಸೆನೆಟರ್ ಜಾರ್ಜ್ ವಾರ್ಟನ್ ಪೆಪ್ಪರರು 1924ರಲ್ಲಿ ವಾಷಿಂಗ್ಟನ್ನಿನವರೆಗೂ ದೂರು ಒಯ್ದು, ಕೆಲಸ ಕೆಲಕಾಲ ನಿಂತು, ವಿಚಾರಣೆಯಾದ ಬಳಿಕವೇ ಮುಂದುವರಿಯಿತು. ವಿರೋಧಿಗಳ ಮಾತು ನಿರಾಧಾರವಾಗಿರಲಿಲ್ಲವೆಂದೇ ನನ್ನ ಅಭಿಪ್ರಾಯ. ಹದಿನಾರು ಅಡಿಯ ಹಾದಿಯನ್ನು ಬೆಟ್ಟದ ಸುತ್ತ ಹಾಕಿದ ಮೇಲೆ ಆ ಬೆಟ್ಟ ಹಿಂದಿನ ಬೆಟ್ಟವಾಗಿ ಉಳಿಯದು. ಇಂದು ನಾವು ಅಲ್ಲಿ ಸವಿಯುವ ಮೌನ ಪ್ರಕೃತಿ ತಾನಾಗಿ ಇತ್ತ ಮೌನವಲ್ಲ. ಗುದ್ದಲಿ, ಸಿಡಿಮದ್ದು, ಅಪಾರ ದ್ರವ್ಯ, ಕಡೆಗೆ ಮೋಟಾರನ್ನು ಹೊರಗಿಡುವ ಒಂದು ಕಾಯಿದೆ, ಇಷ್ಟೂ ಸೇರಿ ಕಟ್ಟಿದ ಮೌನ.

ಸೈಕಲ್ಲಿನವರಿಗೆ ಈ ಹಾದಿ ಸಿಕ್ಕಿದುದು ಒಂದು ಬಗೆಯ ಅಯಾಚಿತ ಲಾಭ. ಅಮೆರಿಕದಲ್ಲಿ ವಾಹನವಿಲ್ಲದ ಸೈಕಲ್ ಹಾದಿಗಳು ಬಹಳ ಕಡೆ ಹುಟ್ಟಿಕೊಂಡಿರುವುದು, ಕಂಬಿ ಕಿತ್ತುಹಾಕಿದ ಹಳೆಯ ರೈಲುದಾರಿಗಳ ಮೇಲೆ. ಪಿಟ್ಸ್‌ಬರ್ಗಿನಿಂದ ಕಂಬರ್ಲೆಂಡಿನವರೆಗೆ ಆಲಿಗೇನಿ ಬೆಟ್ಟಗಳನ್ನು ದಾಟುವ 150 ಮೈಲಿಯ ಹಾದಿ ಅಂಥದು. ರೈಲುದಾರಿಯಲ್ಲಿ ಏರಿಳಿತವೂ ತಿರುವೂ ಕಡಿಮೆ. ಹೋಗುವುದಕ್ಕೆ ಸುಲಭ, ಸ್ವಲ್ಪ ಹೊತ್ತಿನಲ್ಲಿ ಬೇಸರ. ಅಕೇಡಿಯದ್ದು ವಿಹಾರಕ್ಕಾಗಿಯೇ ಹುಟ್ಟಿದ ಹಾದಿ. ಅದರ ಏರು ಕುದುರೆಗಾಗಿ ಅಳೆದದ್ದಾದ್ದರಿಂದ ನಡುವಯಸ್ಸಿನ ಕಾಲಿಗೂ ಸಹ್ಯವಾಗಿದೆ. ಹತ್ತಿಪ್ಪತ್ತು ವರ್ಷಗಳಿಂದ ‘ಗ್ರಾವೆಲ್ ಬೈಕ್’ ಎಂಬ ಹೊಸ ಜಾತಿಯ ಸೈಕಲ್ಲು ಪ್ರಚಾರಕ್ಕೆ ಬಂದಿದೆ. ಪಂದ್ಯದ ಸೈಕಲ್ಲಿನ ಬಾಗಿದ ಹಿಡಿಯೂ, ನಾಲ್ಕು ಸೆಂಟಿಮೀಟರಿನಷ್ಟು ಅಗಲದ ಟೈರೂ ಕೂಡಿದುದು. ಗಾಳಿಯನ್ನು ಸ್ವಲ್ಪ ಕಡಿಮೆ ತುಂಬಿದರೆ ಟೈರು ಜಲ್ಲಿಯ ಮೇಲೆ ಪುಟಿಯದೆ ಅಪ್ಪಿಕೊಂಡು ಹೋಗುತ್ತದೆ. ಆದರೆ ಇಲ್ಲಿಗೆ ಅಷ್ಟರ ಅಗತ್ಯವೂ ಇಲ್ಲ, ಅಗಲವಾದ ಟೈರಿನ ಯಾವ ಸಾಮಾನ್ಯ ಸೈಕಲ್ಲಾದರೂ ಸಾಕು.

ಮೊದಲ ದಿನ ಈಗಲ್ ಸರೋವರದ ಸುತ್ತಿನ ಆರು ಮೈಲಿಯನ್ನು ಮುಗಿಸಿ, ಉಮೇದು ಹೆಚ್ಚಿ, ಪೆನಾಬ್ಸ್ಕಾಟ್, ಸಾರ್ಜೆಂಟ್, ಪಾರ್ಕ್‌ಮನ್ ಬೆಟ್ಟಗಳನ್ನು ಬಳಸಿ ಬರುವ ಹನ್ನೊಂದು ಮೈಲಿಯ ಸುತ್ತಿಗೆ ತಿರುಗಿದೆ. ಕವಲು ಕೂಡುವ ಕಡೆಯಲ್ಲೆಲ್ಲ ಮರದ ಕಂಬಕ್ಕೆ ಒಂದು ಸಂಖ್ಯೆ. ನಕ್ಷೆಯಲ್ಲಿಯೂ ಅದೇ ಸಂಖ್ಯೆ. ಇಷ್ಟು ಸರಳವಾದ ವ್ಯವಸ್ಥೆಯಲ್ಲಿಯೂ ನಾನು ದಾರಿ ತಪ್ಪಿದೆ. ನಕ್ಷೆಯನ್ನು ತಲೆಕೆಳಗಾಗಿ ಹಿಡಿದವನ ಮಟ್ಟಿಗೆ ಕಂಬ ಏನು ಮಾಡೀತು? ಇಳಿಜಾರಿನಲ್ಲಿ ಸುಖವಾಗಿ ಹೋಗುತ್ತಿದ್ದಾಗ, ಮುಂದಿನದು ಖಾಸಗಿ ಜಮೀನು, ಸೈಕಲ್ಲಿಗೆ ಪ್ರವೇಶವಿಲ್ಲವೆಂಬ ಫಲಕ ಎದುರಾಯಿತು. ಸೀಲ್ ಹಾರ್ಬರಿನ ಕಡೆಯ ಕೆಲವು ಮೈಲಿಗಳಲ್ಲಿ ನಡೆಯುವವರಿಗೂ ಕುದುರೆಗೂ ಮಾತ್ರ ಅನುಮತಿ. ಇಳಿದ ಸುಖವನ್ನೆಲ್ಲ ಏದುಸಿರು ಬಿಡುತ್ತ ಮರಳಿ ಏರಬೇಕಾಯಿತು. ಆಮೇಲೆ ಜೋರ್ಡನ್ ಪಾಂಡ್ ಎಂಬ ಕೊಳದ ಬಳಿಯ ಹುಲ್ಲುಹಾಸಿನ ಮೇಲೆ ಕುಳಿತು, ಅಲ್ಲಿ ನೂರು ವರ್ಷಗಳಿಗೂ ಹಿಂದಿನಿಂದ ಚಹಾದೊಡನೆ ಕೊಡುತ್ತ ಬಂದಿರುವ ‘ಪಾಪೋವರ್’ ಎಂಬ ತಿಂಡಿಯನ್ನು ತಿಂದೆ: ಮೊಟ್ಟೆ, ಹಾಲು, ಮೈದಾ ಕಲಸಿ ಬೇಯಿಸಿದ, ಪೂರಿಯಂತೆ ಉಬ್ಬಿ ಒಳಗೆ ಟೊಳ್ಳಾದ ಪದಾರ್ಥ. ಸ್ಟ್ರಾಬೆರಿಯ ಜಾಮು ಇಲ್ಲದಿದ್ದರೆ ಅದರಲ್ಲಿ ಹೇಳಿಕೊಳ್ಳುವಂಥದು ಏನೂ ಇಲ್ಲ.

ವಿಚ್ ಹೋಲ್ ಕೊಳದ ಕಡೆಗೆ ಹೋದರೆ ಕಾಡಿನ ಬಣ್ಣವೇ ಬೇರೆ. 1947ರ ಅಕ್ಟೋಬರಿನಲ್ಲಿ, ಬಹುಕಾಲ ಮಳೆಯಿಲ್ಲದೆ ಒಣಗಿದ್ದ ದ್ವೀಪಕ್ಕೆ ಬೆಂಕಿ ಬಿದ್ದು, 17,000 ಎಕರೆಗಳಿಗಿಂತ ಹೆಚ್ಚು ಸುಟ್ಟುಹೋಯಿತು. ಅದರಲ್ಲಿ ಹತ್ತು ಸಾವಿರಕ್ಕೂ ಮಿಕ್ಕುದು ಉದ್ಯಾನದ ಕಾಡು. ಕೋಟ್ಯಧೀಶರ 67 ಬೇಸಿಗೆಯ ಭವನಗಳೂ ಬೂದಿಯಾಗಿ, ಆ ವೈಭವದ ಯುಗ ಮತ್ತೆ ತಲೆಯೆತ್ತಲಿಲ್ಲ. ಕಪ್ಪುಹಸುರಿನ ಸ್ಪ್ರೂಸ್ ಇದ್ದಲ್ಲಿ ಬಿಸಿಲನ್ನು ಬೇಡುವ ಬರ್ಚ್, ಆಸ್ಪೆನ್ ಮರಗಳು ಎದ್ದವು. ಶರತ್ಕಾಲದಲ್ಲಿ ಇಲ್ಲಿಯ ಹಳದಿ ಕೆಂಪುಗಳನ್ನು ನೋಡಿ ಮರುಳಾಗುವ ಪ್ರವಾಸಿಗರು ವಾಸ್ತವವಾಗಿ ನೋಡುತ್ತಿರುವುದು ಆ ಬೆಂಕಿಯ ಗಾಯದ ಕಲೆಯನ್ನು.

1960ರಲ್ಲಿ ರಾಕ್‌ಫೆಲ್ಲರರು ತೀರಿಕೊಂಡ ಬಳಿಕ ಹಾದಿ ಬಡವಾಯಿತು. ಚರಂಡಿ ಹೂತು, ಮೋರಿ ಕಟ್ಟಿ, ಬದಿಯ ಗಿಡಗಳು ಒಳನುಗ್ಗಿ, ಮೇಲಿನ ಪದರ ಮಳೆಯಲ್ಲಿ ತೊಳೆದುಹೋಗಿ, ಆಮೆಬೆನ್ನು ತಗ್ಗಾಯಿತು. 1986ರಲ್ಲಿ ನಾಗರಿಕರು ಕಟ್ಟಿಕೊಂಡ ‘ಫ್ರೆಂಡ್ಸ್ ಆಫ್ ಅಕೇಡಿಯ’ ಎಂಬ ಸಂಸ್ಥೆ ಸರ್ಕಾರದೊಡನೆ ಕೈಜೋಡಿಸಿ, ಮುಂದಿನ ದುರಸ್ತಿಗೆ ಶಾಶ್ವತ ನಿಧಿಯೊಂದನ್ನು ಕೂಡಿಸಿಟ್ಟಿತು. 1992ರಿಂದ 1995ರವರೆಗೆ ಹಾದಿಯ ಜೀರ್ಣೋದ್ಧಾರ ನಡೆಯಿತು. ದುರಸ್ತಿಯೆಂದರೆ ಇಲ್ಲಿ ಬಹುಮಟ್ಟಿಗೆ ಎಲೆ ಬಾಚುವುದೇ. ಸ್ವಯಂಸೇವಕರು ಚರಂಡಿಯಿಂದ ತರಗೆಲೆಯನ್ನು ಎತ್ತಿಹಾಕದಿದ್ದರೆ ಎರಡು ಮಳೆಗಾಲಕ್ಕೆ ಹಾದಿ ತೋಡಾಗುವುದು.

ವಸಂತದಲ್ಲಿ ಈ ಹಾದಿಗಳಿಗೆ ಬೀಗ ಬೀಳುತ್ತದೆಂಬುದನ್ನು ಹೊರಗಿನವರು ಅರಿಯರು. ಚಳಿಗಾಲದಲ್ಲಿ ಪದರಗಳೊಳಗಿನ ನೀರು ಹೆಪ್ಪುಗಟ್ಟಿರುತ್ತದೆ. ಬಿಸಿಲು ಬಂದಾಗ ಮೇಲಿನದು ಮೊದಲು ಕರಗಿ, ಕೆಳಗಿನದು ಇನ್ನೂ ಗಟ್ಟಿಯಾಗಿರುವುದರಿಂದ ನೀರಿಗೆ ಇಳಿಯಲು ದಾರಿಯಿಲ್ಲದೆ, ಜಲ್ಲಿಯೆಲ್ಲ ನೆನೆದ ಹಿಟ್ಟಿನಂತಾಗುತ್ತದೆ. ಆಗ ಒಂದು ಸೈಕಲ್ಲು ಹೋದರೂ ಗೆರೆ ಬೀಳುತ್ತದೆ, ಗೆರೆಯಲ್ಲಿ ನೀರು ಹರಿದು ಕೊರಕಲಾಗುತ್ತದೆ. ಆದುದರಿಂದ ನೆಲ ಗಟ್ಟಿಯಾಗುವವರೆಗೆ ನಡೆಯುವವರೂ ಸೇರಿ ಯಾರಿಗೂ ಪ್ರವೇಶವಿಲ್ಲ.

ಬಾಸ್ಟನ್ನಿನಿಂದ ಕಾರಿನಲ್ಲಿ ಐದು ಗಂಟೆಯ ದಾರಿ. ಆ ಸೀಮೆಯಲ್ಲಿ ನೆಲೆಸಿರುವ ಮಕ್ಕಳನ್ನು ನೋಡಲು ಹೋಗುವ ತಂದೆತಾಯಿಗಳಿಗೆ ಇದು ಅಸಾಧ್ಯವಾದುದೇನೂ ಅಲ್ಲ. 2021ರಲ್ಲಿ ನಲವತ್ತು ಲಕ್ಷಕ್ಕೂ ಹೆಚ್ಚು ಭೇಟಿಗಳನ್ನು ಕಂಡ ಉದ್ಯಾನವಿದು. ಕ್ಯಾಡಿಲಾಕ್ ಶಿಖರಕ್ಕೆ ಕಾರಿನಲ್ಲಿ ಹೋಗುವವರು ಈಗ ಮೊದಲೇ ಹೊತ್ತು ಗೊತ್ತುಮಾಡಿಕೊಳ್ಳಬೇಕು. ಕಾರಿಲ್ಲದ ಹಾದಿಯನ್ನು ಸೇರಲು ಕಾರಿನಲ್ಲಿ ಬಂದವರು ನಿಲ್ಲಿಸಲು ಜಾಗ ಹುಡುಕುತ್ತ ಅರ್ಧ ದಿನ ಕಳೆಯುವ ವಿಡಂಬನೆಯನ್ನೂ ಅಲ್ಲಿ ಕಾಣಬಹುದು. ಅದರ ಬದಲು ದ್ವೀಪದ ಬಾರ್ ಹಾರ್ಬರ್ ಎಂಬ ಊರಿನಲ್ಲಿ ಕಾರನ್ನು ಬಿಟ್ಟು, 1999ರಿಂದ ಓಡುತ್ತಿರುವ ಉಚಿತ ಬಸ್ಸನ್ನು ಹಿಡಿಯಿರಿ. ಬೇಸಿಗೆಯಲ್ಲಿ ಸೈಕಲ್ಲುಗಳನ್ನೇ ಹೊತ್ತು ಈಗಲ್ ಸರೋವರಕ್ಕೆ ಬಿಡುವ ಬಂಡಿಯೂ ಇದೆ. ಸೆಪ್ಟೆಂಬರ್ ಒಳ್ಳೆಯ ಕಾಲ. ಉಣ್ಣೆಯ ಅಂಗಿಯೊಂದು ಜೊತೆಗಿರಲಿ, ಕಡಲಿನ ಮಂಜು ಹೇಳದೆ ಬರುತ್ತದೆ. ವೇಗದ ಮಿತಿ ಗಂಟೆಗೆ 20 ಮೈಲಿ. ಸೈಕಲ್ಲಿನವರು ನಡೆಯುವವರಿಗೂ, ಎಲ್ಲರೂ ಕುದುರೆಗೂ ದಾರಿ ಬಿಡಬೇಕೆಂಬುದು ನಿಯಮ. ಎದುರಿಗೆ ಗಾಡಿ ಬಂದರೆ ಇಳಿದು, ಪಕ್ಕಕ್ಕೆ ಸರಿದು, ಅದು ಹೋಗುವವರೆಗೆ ಸುಮ್ಮನೆ ನಿಲ್ಲಿರಿ. ಹಾದಿಯನ್ನು ಕಟ್ಟಿದ್ದು ಆ ಗಾಡಿಗಾಗಿ.